ಸಂಪ್ರದಾಯದಿಂದ ಕೇಡಾಗಿದೆ ಎಂದು ತೀರ್ಮಾನಿಸುವುದು ಹೇಗೆ?

ಪ್ರಶ್ನೆ – ಬಸವನಗುಡಿಯ ಓದುಗಿ

ಕಳೆದ ತಿಂಗಳು ಮಲ್ಲೇಶ್ವರದ ಛತ್ರವೊಂದರಲ್ಲಿ ನಮ್ಮ ಮನೆಯ ಮದುವೆ ನಡೆಯಿತು. ಅಕ್ಷತೆ ಹಂಚುತ್ತ ಬಂದ ಹುಡುಗಿ, ಮೂರು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡ ನನ್ನ ಸೋದರತ್ತೆಯ ಮುಂದೆ ಒಂದು ಗಳಿಗೆ ತಡೆದು, ತಟ್ಟೆಯನ್ನು ಪಕ್ಕದವರ ಕಡೆಗೆ ಹೊರಳಿಸಿದಳು. ಅತ್ತೆ ಸೆರಗು ಹೊದ್ದು ಕಂಬದ ಹಿಂದಕ್ಕೆ ಸರಿದರು. ಮದುಮಗಳನ್ನು ಎತ್ತಿ ಆಡಿಸಿ ಬೆಳೆಸಿದ್ದು ಅವರೇ. ಆಮೇಲೆ ಮನೆಯಲ್ಲಿ ಈ ಮಾತೆತ್ತಿದಾಗ, ‘ಅವರಾಗಿಯೇ ಸರಿದು ನಿಂತರು, ಯಾರೂ ಏನೂ ಅನ್ನಲಿಲ್ಲವಲ್ಲ’ ಎಂದರು. ಮನುಷ್ಯರಿಗೆ ಕೇಡು ಮಾಡುತ್ತದೆಯೋ ಇಲ್ಲವೋ ಎಂಬುದರ ಮೇಲೆ ಧರ್ಮವನ್ನೂ ಆಚರಣೆಯನ್ನೂ ತೂಗಬೇಕೆಂದು ನಂಬಿರುವ ನನಗೆ ಈಗ ಎರಡು ಸಂಶಯ. ಕಣ್ಣಿಗೆ ಕಾಣದ ಕೇಡನ್ನು ಅಳೆಯುವುದು ಹೇಗೆ? ಇದೊಂದಕ್ಕಾಗಿ ಇಡೀ ಧರ್ಮವನ್ನೇ ತಳ್ಳಿಹಾಕಬೇಕೇ?

ಉತ್ತರ 1 – ಜಯನಗರದ ವಕೀಲರು

ನೋವು ಬೇರೆ, ಅವಮಾನ ಬೇರೆ. ನಮ್ಮ ರಾಜ್ಯದ ಕಾನೂನು ಈ ವ್ಯತ್ಯಾಸವನ್ನು ಗುರುತಿಸಿದೆ. ಅಮಾನವೀಯ ಆಚರಣೆಗಳನ್ನೂ ವಾಮಾಚಾರವನ್ನೂ ತಡೆಯಲು ವಿಧಾನಮಂಡಲ 2017ರಲ್ಲಿ ಅಂಗೀಕರಿಸಿದ ಕಾಯ್ದೆಯು ಎಂಜಲೆಲೆಯ ಮೇಲೆ ಹೊರಳುವ ಮಡೆಸ್ನಾನವನ್ನೂ, ಮುಟ್ಟಾದ ಅಥವಾ ಬಸುರಿ ಹೆಂಗಸರನ್ನು ಊರಾಚೆ ಇಡುವುದನ್ನೂ ನಿಷೇಧಿಸಿತು. ಅದೇ ಕಾಯ್ದೆ ಮಕ್ಕಳ ಕಿವಿ ಚುಚ್ಚಿಸುವುದನ್ನೂ ಜೈನರ ಕೇಶಲೋಚನವನ್ನೂ ಮುಟ್ಟಲಿಲ್ಲ. ತಲೆಗೂದಲನ್ನು ಕೈಯಿಂದ ಕಿತ್ತುಕೊಳ್ಳುವ ಮುನಿಗೆ ಎಂಜಲೆಲೆಯ ಮೇಲೆ ಹೊರಳುವವನಿಗಿಂತ ಹೆಚ್ಚು ನೋವಾಗುತ್ತದೆ ಎನ್ನುವುದರಲ್ಲಿ ಸಂಶಯವಿಲ್ಲ. ಆದರೆ ಆತ ಯಾರಿಗೂ ಕೀಳಾಗುವುದಿಲ್ಲ, ತಿಳಿದು ಕೈಗೊಂಡ ವ್ರತವದು. ಸಂವಿಧಾನದ 25ನೇ ವಿಧಿಯೂ ಧಾರ್ಮಿಕ ಸ್ವಾತಂತ್ರ್ಯವನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಡಿಸಿಯೇ ಕೊಟ್ಟಿದೆ. ನಿಮ್ಮ ಅತ್ತೆಗೆ ಆದದ್ದು ಯಾವ ಕಾಯ್ದೆಯ ಕೈಗೂ ಸಿಗುವುದಿಲ್ಲ, ನಿಜ. ಆದರೂ ಅದು ಕೇಡೇ.

ಉತ್ತರ 2 – ಮಂಗಳೂರು ಮೂಲದವರು, ಈಗ ಯಶವಂತಪುರ

‘ತಿಳಿದು ಕೈಗೊಂಡದ್ದು’ ಎಂಬ ಮಾತನ್ನು ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಮಡೆಸ್ನಾನ ಮಾಡುವವರೂ ತಾವಾಗಿಯೇ ಹರಕೆ ಹೊತ್ತವರೆಂದೇ ಅದನ್ನು ಸಮರ್ಥಿಸುತ್ತಿದ್ದರು. ನಮ್ಮ ಕಡೆ ಕೊರಗ ಸಮುದಾಯದವರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿ ತಮ್ಮ ಅನಿಷ್ಟವನ್ನು ಅವರ ಮೇಲೆ ಕಳೆಯುವ ಅಜಲು ಪದ್ಧತಿಯಿತ್ತು. 2000ದಲ್ಲಿ ಅದಕ್ಕೆಂದೇ ಪ್ರತ್ಯೇಕ ನಿಷೇಧ ಕಾಯ್ದೆ ತರಬೇಕಾಯಿತು. ಹುಟ್ಟಿದಂದಿನಿಂದ ‘ಇದು ನಿನ್ನ ಪಾಲಿನ ಕೆಲಸ’ ಎಂದು ಕೇಳುತ್ತ ಬೆಳೆದವನನ್ನು ನಿನಗೆ ಒಪ್ಪಿಗೆಯೇ ಎಂದು ಕೇಳಿದರೆ ಹೌದೆನ್ನದೆ ಇನ್ನೇನು ಹೇಳಿಯಾನು? ಒಲ್ಲೆ ಎಂದರೆ ಮರುದಿನ ಅವನಿಗೆ ಕೂಲಿ ಸಿಗುತ್ತದೆಯೇ, ಅವನ ಮಗುವಿಗೆ ಊರಿನಲ್ಲಿ ನೀರು ಸಿಗುತ್ತದೆಯೇ ಎಂದು ನೋಡಬೇಕು. ನಿಮ್ಮ ಅತ್ತೆ ಆ ಕಂಬದ ಮುಂದೆಯೇ ನಿಂತಿದ್ದರೆ ಏನಾಗುತ್ತಿತ್ತು, ಅದನ್ನು ಯೋಚಿಸಿ.

ಉತ್ತರ 3 – ನಗರ್ತಪೇಟೆ

ಎರಡನೆಯ ಸಂಶಯಕ್ಕಷ್ಟೇ ಹೇಳುತ್ತೇನೆ. ಚೈತ್ರ ಹುಣ್ಣಿಮೆಯ ರಾತ್ರಿ ನಮ್ಮ ಧರ್ಮರಾಯನ ಗುಡಿಯಿಂದ ಹೊರಡುವ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುತ್ತದೆ. ವಿಧವೆಯ ಕೈಗೆ ಅಕ್ಷತೆ ಕೊಡದವರೂ ಆ ಕರಗಕ್ಕೆ ಮಲ್ಲಿಗೆ ಎರಚುವವರೂ ಎಷ್ಟೋ ಸಲ ಒಂದೇ ಮನೆಯವರು. ಹಾಗಾಗಿ ಧರ್ಮವನ್ನು ಮೂಟೆ ಕಟ್ಟಿ ತಕ್ಕಡಿಗೆ ಹಾಕಬೇಡಿ, ಒಂದೊಂದು ಆಚರಣೆಯನ್ನೇ ಬಿಡಿಸಿ ತೂಗಿ.

ಪ್ರಶ್ನೆ ಕೇಳಿದವರು

ಮೂವರಿಗೂ ವಂದನೆಗಳು. ಎರಡನೆಯ ಉತ್ತರವನ್ನು ಓದಿದ ಮೇಲೆ ಅತ್ತೆಯನ್ನೇ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಮುಂದೆ ನಿಂತಿದ್ದರೆ, ನಾಳೆ ಮದುಮಗಳಿಗೆ ತಲೆನೋವು ಬಂದರೂ ನನ್ನ ಕಡೆಗೇ ನೋಡುತ್ತಿದ್ದರು’ ಎಂದರು. ಬರುವ ತಿಂಗಳು ನನ್ನ ತಂಗಿಯ ಮಗುವಿನ ನಾಮಕರಣವಿದೆ. ಮಗುವನ್ನು ತೊಟ್ಟಿಲಿಗೆ ಹಾಕುವವರು ನೀವೇ ಆಗಬೇಕೆಂದು ನಾನೂ ತಂಗಿಯೂ ಕೇಳಿದ್ದೇವೆ. ಅವರು ಇನ್ನೂ ಒಪ್ಪಿಲ್ಲ.