ಪದ ಬೇಕು (ತುರ್ತು): ಎಡದಿಂದಲೂ ಬಲದಿಂದಲೂ ಒಂದೇ ಆಗಿರುವ ಸಂಖ್ಯೆಗೆ

ಗೆಳೆಯರೇ, ಶಾಲೆಯ ಗಣಿತ ಮೇಳಕ್ಕೆ ಫಲಕ ಬರೆಯುತ್ತಿದ್ದೇನೆ. ಸಂಜೆ ಐದಕ್ಕೆ ಪ್ರಿಂಟಿಗೆ ಕೊಡಬೇಕು. ಸಂಖ್ಯೆ 12345654321. ಇದು 111111ರ ವರ್ಗ. 3, 7, 11, 13, 37 ಇದರ ಅವಿಭಾಜ್ಯ ಅಪವರ್ತನಗಳು, ಒಂದೊಂದೂ ಎರಡೆರಡು ಸಲ. ಇಷ್ಟಕ್ಕೆ ಪಠ್ಯಪುಸ್ತಕದ ಪದಗಳೇ ಸಾಕಾದವು. ಪಾಲಿಂಡ್ರೋಮ್‌ಗೆ ಬಂದು ಸಿಕ್ಕಿಕೊಂಡೆ. ‘ತಿರುಗುಮುರುಗು ಸಂಖ್ಯೆ’ ಅಂತ ಹಾಕಲೇ?

---

> ‘ತಿರುಗುಮುರುಗು ಸಂಖ್ಯೆ’ ಅಂತ ಹಾಕಲೇ?

ಬೇಡ. ಮಗು ಅಂಗಿ ತಿರುಗುಮುರುಗು ಹಾಕಿಕೊಂಡರೆ ಒಳಗಿನ ಹೊಲಿಗೆ ಹೊರಗೆ ಕಾಣುತ್ತದೆ. ಈ ಸಂಖ್ಯೆಯನ್ನು ತಿರುವಿದರೆ ಏನೂ ಕಾಣುವುದಿಲ್ಲ, ಅದೇ ಅದರ ಗುಣ.

ಅಲಂಕಾರಶಾಸ್ತ್ರದಲ್ಲಿ ಪದ ಸಿದ್ಧವಾಗಿದೆ: ಗತಪ್ರತ್ಯಾಗತ. ಹೋಗಿ ಮರಳಿ ಬಂದದ್ದು. ಒಂದರಿಂದ ಆರಕ್ಕೆ ಹತ್ತಿ ಅದೇ ಮೆಟ್ಟಿಲಲ್ಲಿ ಇಳಿಯುವ ಸಂಖ್ಯೆಗೆ ಇದಕ್ಕಿಂತ ಹೊಂದುವ ಪದ ಇಲ್ಲ. ಸಂಖ್ಯೆಯೂ ನಮಗೆ ಹೊಸತಲ್ಲ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ 27994681ನ್ನು 441ರಿಂದ ಗುಣಿಸಿಸಿ ಇದನ್ನೇ ತರಿಸುತ್ತಾನೆ. ಬಿಡಿಸಿ ನೋಡಿ: 441 ಎಂದರೆ 21ರ ವರ್ಗ, ಇನ್ನೊಂದು 5291ರ ವರ್ಗ, 21ನ್ನು 5291ರಿಂದ ಗುಣಿಸಿದರೆ 111111. ಇಂಥ ಕೆಲವು ಗುಣಲಬ್ಧಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸಿದ್ದಾನೆ. 142857143ನ್ನು 7ರಿಂದ ಗುಣಿಸಿ: 1000000001. ಎರಡು ತುದಿಗೆ ಒಂದೊಂದು, ನಡುವೆ ಎಂಟು ಸೊನ್ನೆ ಪೋಣಿಸಿದ ಹಾಗೆ.

---

> ಗತಪ್ರತ್ಯಾಗತ

ಒಪ್ಪುವುದಿಲ್ಲ. ಐದನೇ ಕ್ಲಾಸಿನ ಮಗು ಆ ಒತ್ತಕ್ಷರಗಳ ಮುಂದೆಯೇ ನಿಂತುಬಿಡುತ್ತದೆ. ಪಾಲಿಂಡ್ರೋಮ್ ಗ್ರೀಕಿನಿಂದ ಬಂತೆಂದು ಎರವಲು, ಗತಪ್ರತ್ಯಾಗತ ಸಂಸ್ಕೃತದಿಂದ ಬಂತೆಂದು ಮನೆಯದು ಎನ್ನುವುದು ಯಾವ ನ್ಯಾಯ? ‘ಇಬ್ಬದಿ ಎಣಿ’ ಎನ್ನಿ. ಎರಡು ಬದಿಯಿಂದಲೂ ಓದಬಹುದಾದದ್ದು. ಮುಗಿಯಿತು.

---

ಮುಗಿಯಲಿಲ್ಲ. ಯಾವ ಸಂಖ್ಯೆಯನ್ನೂ ಎರಡು ಬದಿಯಿಂದ ಓದಬಹುದು, ಒಂದೇ ಆಗಿ ಬರಬೇಕಲ್ಲ? ಆ ಅರ್ಥ ‘ಇಬ್ಬದಿ’ಯಲ್ಲಿ ಎಲ್ಲಿದೆ? ಇನ್ನು ಎರವಲಿನ ಮಾತು. ರಾಜಾದಿತ್ಯ 12ನೇ ಶತಮಾನದಲ್ಲಿ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ. ತ್ರೈರಾಶಿಕವನ್ನು (ಗೊತ್ತಿರುವ ಮೂರು ಮೊತ್ತಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ಲೆಕ್ಕ) ತ್ರೈರಾಶಿಕ ಎಂದೇ ಇಟ್ಟುಕೊಂಡ. ಅವನ ಕನ್ನಡ ಕನ್ನಡವಲ್ಲವೇ?

---

ಇಬ್ಬರಿಗೂ ವಂದನೆ. ಫಲಕ ಕಳಿಸಿಯಾಯಿತು. ಮೂರನೇ ಕ್ಲಾಸಿನ ಮಗಳಿಗೆ ಸಂಖ್ಯೆ ತೋರಿಸಿದೆ. ಅಂಕಿಗಳ ಮೇಲೆ ಬೆರಳಿಟ್ಟು ಆ ಕಡೆಯಿಂದ ಈ ಕಡೆ ಓದಿ, “ಅಪ್ಪಾ, ಇದು ವಿಕಟಕವಿ ಥರ” ಅಂದಳು. ‘ವಿಕಟಕವಿ ಸಂಖ್ಯೆ’ ಎಂದೇ ದೊಡ್ಡದಾಗಿ ಹಾಕಿದ್ದೇನೆ. ಅದರ ಕೆಳಗೆ ಮಹಾವೀರಾಚಾರ್ಯರ ಗುಣಾಕಾರ, ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ಗತಪ್ರತ್ಯಾಗತ.