ಅಪ್‌ಡೇಟ್: 1 ಗಿಗಾಬಿಟ್ ಲಿಂಕ್‌ನಲ್ಲಿ 5 ಗಿಗಾಬಿಟ್ ಸ್ಪೈಕ್, ಕಾರಣ ಸಿಕ್ತು

ಪುಣೆ–ಮುಂಬೈ ನಡುವಿನ 1 ಗಿಗಾಬಿಟ್ ಲಿಂಕ್‌ಗೆ ನೆಟ್‌ಫ್ಲೋ (ಯಾರಿಂದ ಯಾರಿಗೆ ಎಷ್ಟು ಡೇಟಾ ಹೋಯಿತು ಅಂತ ರೌಟರ್ ಕೊಡುವ ಲೆಕ್ಕ) ಗ್ರಾಫ್ ಸೆಕೆಂಡಿಗೆ 5 ಗಿಗಾಬಿಟ್ ತೋರಿಸುತ್ತಿದೆ, ಯಾಕೆ ಅಂತ ಇಲ್ಲಿ ಕೇಳಿದ್ದೆ. ಸ್ಯಾಂಪ್ಲಿಂಗ್ ದರ (ಎಷ್ಟು ಪ್ಯಾಕೆಟ್ಟಿಗೆ ಒಂದನ್ನು ಎಣಿಸುತ್ತೆ ಅನ್ನೋದು) ನೋಡಿ ಅಂದಿರಿ. ಅದು ಸರಿಯಾಗೇ ಇತ್ತು. ಎಡವಟ್ಟು ಆ್ಯಕ್ಟಿವ್ ಟೈಮ್‌ಔಟ್‌ನದು (ಇನ್ನೂ ನಡೆಯುತ್ತಿರುವ ಸಂಪರ್ಕದ ಲೆಕ್ಕವನ್ನು ರೌಟರ್ ಎಷ್ಟು ಹೊತ್ತಿಗೊಮ್ಮೆ ಕಳಿಸಬೇಕು ಅನ್ನೋ ಮಿತಿ): ರೌಟರ್‌ನಲ್ಲಿ ಡೀಫಾಲ್ಟ್ 30 ನಿಮಿಷ. ರಾತ್ರಿ ಬ್ಯಾಕಪ್ಪಿನ ಅರ್ಧ ಗಂಟೆಯ ಬೈಟುಗಳೆಲ್ಲ ಒಂದೇ ರೆಕಾರ್ಡಿನಲ್ಲಿ ಬಂದು, ಕಲೆಕ್ಟರ್ (ಆ ರೆಕಾರ್ಡುಗಳನ್ನು ಕೂಡಿಡುವ ಸರ್ವರ್) ಅಷ್ಟನ್ನೂ ಒಂದೇ 5 ನಿಮಿಷದ ಲೆಕ್ಕಕ್ಕೆ ಸುರಿಯುತ್ತಿತ್ತು. ಬ್ಯಾಕಪ್ಪಿನ ನಿಜವಾದ ವೇಗ 850 ಮೆಗಾಬಿಟ್; ಅದರ ಆರು ಪಟ್ಟು, ಅಂದರೆ 5.1 ಗಿಗಾಬಿಟ್! ಟೈಮ್‌ಔಟ್ 60 ಸೆಕೆಂಡಿಗೆ ಇಳಿಸಿದ ಮೇಲೆ ಸ್ಪೈಕ್ ಮಾಯ. ರೆಕಾರ್ಡುಗಳ ಸಂಖ್ಯೆ ಏರುತ್ತೆ, ಡಿಸ್ಕ್ ನೋಡಿಕೊಳ್ಳಿ.

ನೆಟ್‌ಫ್ಲೋ ಅಂಕಿ ತಾಳೆ ನೋಡಲು ಎಸ್‌ಎನ್‌ಎಂಪಿಯ (ರೌಟರ್‌ನ ಕೌಂಟರುಗಳನ್ನು ದೂರದಿಂದ ಓದುವ ಪ್ರೋಟೋಕಾಲ್) 64 ಬಿಟ್ ಕೌಂಟರೇ ಬೇಕು. ಲಿಂಕ್ ತುಂಬಿ ಹರಿದರೆ 32 ಬಿಟ್‌ನದು ಸುಮಾರು 34 ಸೆಕೆಂಡಿಗೇ ಸೊನ್ನೆಗೆ ಮರಳುತ್ತೆ. ಇಷ್ಟಾದರೂ ಎರಡೂ ಪೂರ್ತಿ ಹೊಂದಲ್ಲ: ನೆಟ್‌ಫ್ಲೋ ಐಪಿ ಬೈಟು ಮಾತ್ರ ಎಣಿಸುತ್ತೆ, ಇಂಟರ್‌ಫೇಸ್ ಕೌಂಟರಿಗೆ ಪ್ರತಿ ಪ್ಯಾಕೆಟ್ಟಿನ ಈಥರ್ನೆಟ್ ಹೊದಿಕೆಯ 18 ಬೈಟೂ ಸೇರುತ್ತೆ.