ಮಗ ಆರ್ಮಿಗೆ ಹೋಗ್ತೀನಿ ಅಂದ್ರೆ ವ್ಯಾಕ್ಸಿನ್ ವಿಷಯ ಸಹಿ ಹಾಕೋ ಮುಂಚೆನೇ ಕೇಳ್ಕೊಳ್ಳಿ

ಅಕ್ಕಾ, ನಿಮ್ಮ ಪೋಸ್ಟ್ ಓದಿದೆ. ಮಗನಿಗೆ ಇನ್ನೂ 17, ಹೈಸ್ಕೂಲ್ ಮುಗಿದ ತಕ್ಷಣ ಇಲ್ಲಿ ಅಮೆರಿಕದ ಆರ್ಮಿ ಸೇರ್ತೀನಿ ಅಂತ ಹಠ ಹಿಡಿದಿದಾನೆ, ಸೈನ್ಯಕ್ಕೆ ಜನ ಸೇರಿಸೋ ರಿಕ್ರೂಟರ್ ಬಂದು ಕಾಲೇಜ್ ಫೀಸು ಅದು ಇದು ಅಂತ ಚೆನ್ನಾಗಿ ಮಾತಾಡಿ ಹೋಗಿದಾರೆ, ನಿಮಗೆ ಮಾತ್ರ ಆ ಸಾಲಾಗಿ ನಿಲ್ಸಿ ಎರಡೂ ತೋಳಿಗೆ ಚುಚ್ತಾರಲ್ಲ ಆ ವಿಡಿಯೋ ನೋಡಿ ಹೊಟ್ಟೆಲಿ ಸಂಕಟ. ಕೆಳಗೆ ಕಾಮೆಂಟ್ಸಲ್ಲಿ ಅರ್ಧ ಜನ ಏನೂ ಆಗಲ್ಲ ಬಿಡಿ ಅಂತಿದಾರೆ, ಇನ್ನರ್ಧ ಜನ ಹುಡುಗ್ರನ್ನ ಪ್ರಯೋಗಕ್ಕೆ ಇಟ್ಕೋತಾರೆ ಅಂತಿದಾರೆ. ನನ್ನ ಮಗಳು ನೇವಿ ಸೇರಿದಾಳೆ, ನಾನು ಕೆಲಸ ಮಾಡೋದು ಫಾರ್ಮಸಿಲಿ, ಹಾಗಾಗಿ ಎರಡೂ ಕಡೆಯಿಂದ ಸ್ವಲ್ಪ ಗೊತ್ತು. ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಓದಿ.

ಮೊದಲು ಒಂದು ಮಾತು. ನಾವು ಮಕ್ಕಳಿಗೆ ಪೀಡಿಯಾಟ್ರಿಶನ್ ಹತ್ರ ಹಾಕ್ಸೋ ವ್ಯಾಕ್ಸಿನ್ನು ನಮ್ಮ ಮಗು ಚೆನ್ನಾಗಿರ್ಲಿ ಅಂತ. ಮಿಲಿಟರಿಯವ್ರ ಲೆಕ್ಕ ಬೇರೆ. ಅವ್ರಿಗೆ ಬೇಕಾಗಿರೋದು ಆ ತುಕಡಿ ಪೂರ್ತಿ ಎದ್ದು ನಿಂತಿರಬೇಕು ಅನ್ನೋದು. ಐವತ್ತು ಅರವತ್ತು ಹುಡುಗ್ರು ಒಂದೇ ಹಾಲಲ್ಲಿ ಮಲಗ್ತಾರೆ, ದೇಶದ ಮೂಲೆ ಮೂಲೆಯಿಂದ ಬಂದಿರ್ತಾರೆ, ನಿದ್ದೆ ಇಲ್ಲ, ಸ್ಟ್ರೆಸ್ಸು, ಒಬ್ಬನಿಗೆ ಜ್ವರ ಬಂದ್ರೆ ವಾರದಲ್ಲಿ ಅರ್ಧ ಬ್ಯಾರಕ್ ಕೆಮ್ತಾ ಇರುತ್ತೆ. ಸತ್ತೋಗ್ಬೇಕು ಅಂತೇನಿಲ್ಲ, ಹತ್ತು ದಿನ ಮಲಗಿದ್ರೂ ಟ್ರೇನಿಂಗ್ ಹಾಳು.

ಇದು ಇವತ್ತಿನ ಕಥೆ ಅಲ್ಲ. ಜಾರ್ಜ್ ವಾಷಿಂಗ್ಟನ್ 1777ರಲ್ಲೇ ತನ್ನ ಸೈನ್ಯಕ್ಕೆ ಸಿಡುಬಿನ ವಿರುದ್ಧ ಕಡ್ಡಾಯ ಮಾಡಿದ, ಆಗಿನ್ನೂ ವ್ಯಾಕ್ಸಿನ್ ಅನ್ನೋದೇ ಇರ್ಲಿಲ್ಲ, ಸಿಡುಬಿನ ಕೀವನ್ನೇ ಚರ್ಮಕ್ಕೆ ಕೊಯ್ದು ಹಾಕೋದು, ಅದ್ರಲ್ಲೂ ಕೆಲವರು ಸಾಯ್ತಿದ್ರು. ಆದ್ರೂ ಮಾಡಿದ, ಯಾಕಂದ್ರೆ ಅದರ ಹಿಂದಿನ ವರ್ಷ ಕೆನಡಾ ಕಡೆ ಹೋದ ಸೈನ್ಯ ಸಿಡುಬಿಗೇ ಅರ್ಧ ಕರಗಿ ಹೋಗಿತ್ತು, ಅದರ ಜನರಲ್ಲೇ ಸತ್ತಿದ್ದ. ಆಮೇಲೆ 1898ರ ಸ್ಪೇನ್ ಯುದ್ಧ. ಗುಂಡು ತಾಗಿ ಸತ್ತವ್ರು ನಾನೂರರ ಒಳಗೆ, ಅಮೆರಿಕದ ಒಳಗಿನ ಕ್ಯಾಂಪುಗಳಲ್ಲೇ ಸುಮಾರು 20 ಸಾವಿರ ಸೈನಿಕರಿಗೆ ಟೈಫಾಯ್ಡ್, ಸತ್ತವ್ರು 1500ಕ್ಕೂ ಹೆಚ್ಚು. 1911ರಲ್ಲಿ ಟೈಫಾಯ್ಡ್ ಇಂಜೆಕ್ಷನ್ ಕಡ್ಡಾಯ ಮಾಡಿದ್ರು, ಕಕ್ಕಸು ನೀರು ನೊಣ ಎಲ್ಲದಕ್ಕೂ ಶಿಸ್ತು ತಂದ್ರು, ಮೊದಲನೇ ಮಹಾಯುದ್ಧಕ್ಕೆ ನಲವತ್ತು ಲಕ್ಷ ಜನ ಸೇರಿದ್ರೂ ಟೈಫಾಯ್ಡ್ ಕೇಸು ಒಂದೂವರೆ ಸಾವಿರದ ಸುತ್ತಮುತ್ತ ನಿಂತೋಯ್ತು. ಮೇಲೆ ಒಬ್ಬ ಹಿರಿಯರು ಬರ್ದಿದಾರಲ್ಲ, ಇಂಡಿಯನ್ ಆರ್ಮಿಲಿ ಟಿಎಬಿ ಇಂಜೆಕ್ಷನ್ ಹಾಕಿದ್ರೆ ಎರಡು ದಿನ ತೋಳು ಎತ್ತಕ್ಕಾಗ್ತಿರ್ಲಿಲ್ಲ ಅಂತ, ಅದೂ ಇದೇ ಟೈಫಾಯ್ಡ್ ಜಾತಿದೇ ಸರ್.

ನನಗೆ ಇದೆಲ್ಲಕ್ಕಿಂತ ಗಟ್ಟಿ ಉದಾಹರಣೆ ಅನ್ಸೋದು ಅಡಿನೋವೈರಸ್. ಹೊರಗಡೆ ಯಾರೂ ಕೇಳಿರಲ್ಲ, ನಮಗೆ ನಿಮಗೆ ಬಂದ್ರೆ ನೆಗಡಿ ಗಂಟಲು ನೋವು ಅಷ್ಟೇ, ಆದ್ರೆ ಹೊಸಬರಿಗೆ ಟ್ರೇನಿಂಗ್ ಕೊಡೋ ಬೂಟ್ ಕ್ಯಾಂಪಲ್ಲಿ ಇದು ನ್ಯುಮೋನಿಯಾ ತನಕ ಹೋಗುತ್ತೆ. ಇದಕ್ಕೆ ಇಂಜೆಕ್ಷನ್ ಅಲ್ಲ, ಎರಡು ಮಾತ್ರೆ, 4 ಮತ್ತು 7ನೇ ಟೈಪಿಗೆ ಒಂದೊಂದು. 1971ರಿಂದ ಕೊಡ್ತಾ ಇದ್ರು. ತಯಾರು ಮಾಡ್ತಿದ್ದಿದ್ದು ಒಂದೇ ಕಂಪನಿ, ತೊಂಬತ್ತರ ದಶಕದಲ್ಲಿ ಅವ್ರು ನಿಲ್ಸಿದ್ರು, 1999ಕ್ಕೆ ಸ್ಟಾಕ್ ಪೂರ್ತಿ ಖಾಲಿ. ಮುಂದೇನಾಯ್ತು ಅಂತೀರ, ಕ್ಯಾಂಪು ಕ್ಯಾಂಪಲ್ಲಿ ಮತ್ತೆ ಜ್ವರ, 2000ದಲ್ಲಿ ಇಲಿನಾಯಲ್ಲಿ ನೇವಿ ಸೇರಿದ್ದ ಇಬ್ಬರು ಆರೋಗ್ಯವಾಗಿದ್ದ ಎಳೇ ಪ್ರಾಯದೋರು ಸತ್ರು, ಮುಂದೆನೂ ಕೆಲವು ಸಾವಾಯ್ತು. 2011ರ ಕೊನೆಗೆ ಹೊಸ ಮಾತ್ರೆ ಬಂತು, ಸಾವಿರ ಜನಕ್ಕೆ ವಾರಕ್ಕೆ 5.8 ಕೇಸ್ ಇದ್ದಿದ್ದು 0.02ಕ್ಕೆ ಇಳೀತು. ಕೊಟ್ರು, ನಿಂತಿತು, ಬಿಟ್ರು, ಮತ್ತೆ ಬಂತು, ಮತ್ತೆ ಕೊಟ್ರು, ಮತ್ತೆ ನಿಂತಿತು. ಯಾರೂ ಬೇಕು ಅಂತ ಮಾಡಿದ ಪರೀಕ್ಷೆ ಅಲ್ಲ, ಆದ್ರೆ ಇದಕ್ಕಿಂತ ಸ್ಪಷ್ಟ ಉತ್ತರ ಇನ್ನೇನು ಬೇಕು.

ಹಾಗಂತ ಆರ್ಮಿಯವ್ರು ಯಾವಾಗ್ಲೂ ಸರಿ ಅಂತ ನಾನು ಹೇಳ್ತಿಲ್ಲ, ಬೇಡ ಅನ್ನೋರ ಕಡೆನೂ ನಿಜ ಇದೆ. 1942ರಲ್ಲಿ ಯೆಲ್ಲೋ ಫೀವರ್ ವ್ಯಾಕ್ಸಿನ್ನಲ್ಲಿ ಮನುಷ್ಯರ ರಕ್ತದ ಸೀರಮ್ ಸೇರ್ಸಿದ್ರು, ಆ ರಕ್ತದಲ್ಲಿ ಹೆಪಟೈಟಿಸ್ ಬಿ ಇತ್ತು. ಸುಮಾರು 50 ಸಾವಿರ ಸೈನಿಕರು ಕಾಮಾಲೆ ಬಂದು ಆಸ್ಪತ್ರೆ ಸೇರಿದ್ರು, ಗೊತ್ತೇ ಆಗ್ದೆ ಸೋಂಕು ತಗೊಂಡವ್ರನ್ನೂ ಸೇರ್ಸಿದ್ರೆ 3 ಲಕ್ಷದ ಮೇಲೆ ಅಂತ ಆಮೇಲೆ ಅಂದಾಜು ಮಾಡಿದ್ರು. ಯುದ್ಧದ ಮಧ್ಯೆ ಸೈನ್ಯ ಸಿದ್ಧವಾಗಿರ್ಲಿ ಅಂತ ಹಾಕಿದ್ದೇ ಸೈನ್ಯವನ್ನ ಮಲಗ್ಸಿತು. ಆಮೇಲೆ 1998ರಿಂದ ಆಂಥ್ರಾಕ್ಸ್ ವ್ಯಾಕ್ಸಿನ್, ಶತ್ರು ಅಸ್ತ್ರವಾಗಿ ಬಳಸಬಹುದು ಅಂತ ಭಯ ಇದ್ದ ಬ್ಯಾಕ್ಟೀರಿಯಾ ರೋಗಕ್ಕೆ. ಆರು ಡೋಸು ಒಂದೂವರೆ ವರ್ಷದಲ್ಲಿ, ಮೇಲೆ ವರ್ಷ ವರ್ಷ ಬೂಸ್ಟರ್, ನೂರಾರು ಜನ ಬೇಡ ಅಂದ್ರು, ಕೆಲವ್ರಿಗೆ ಕೋರ್ಟ್ ಮಾರ್ಷಲ್ ಆಯ್ತು, ಅನುಭವ ಇದ್ದ ಪೈಲಟ್‌ಗಳು ಕೆಲಸ ಬಿಟ್ರು. 2004ರಲ್ಲಿ ಫೆಡರಲ್ ಜಡ್ಜ್ ಒಬ್ರು ಇದಕ್ಕೆ ಸರಿಯಾದ ಅನುಮತಿನೇ ಇಲ್ಲ, ಬಲವಂತ ಮಾಡ್ಬೇಡಿ ಅಂತ ತಡೆದ್ರು, 2005ರ ಕೊನೆಗೆ ಔಷಧಿಗಳಿಗೆ ಅನುಮತಿ ಕೊಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ ಮತ್ತೆ ಅನುಮತಿ ಕೊಟ್ಮೇಲೆ ಕೆಲವು ಜಾಗಕ್ಕೆ ಹೋಗೋರಿಗೆ ಮತ್ತೆ ಕಡ್ಡಾಯ ಮಾಡಿದ್ರು. ನನ್ನ ಅಭಿಪ್ರಾಯ ಕೇಳಿದ್ರೆ ಆಂಥ್ರಾಕ್ಸ್ ವಿಷಯದಲ್ಲಿ ಸೈನಿಕರ ನಂಬಿಕೆ ಮುರಿದಿದ್ದು ವ್ಯಾಕ್ಸಿನ್ನಿಂದ ಅಷ್ಟಲ್ಲ, ಪ್ರಶ್ನೆ ಕೇಳಿದವ್ರನ್ನ ಶಿಸ್ತಿನ ಕೇಸ್ ಅಂತ ನೋಡಿದ್ದಕ್ಕೆ.

ಕೋವಿಡ್ದು ಎಲ್ಲರೂ ಕೇಳ್ತಿದೀರ, ಬೇಗ ಹೇಳ್ಬಿಡ್ತೀನಿ. 2021 ಆಗಸ್ಟ್‌ನಲ್ಲಿ ಕಡ್ಡಾಯ ಆಯ್ತು, 2023 ಜನವರಿಲಿ ತೆಗೆದ್ರು, ಈಗ ಕಡ್ಡಾಯ ಇಲ್ಲ. ಮಧ್ಯದಲ್ಲಿ 8 ಸಾವಿರಕ್ಕೂ ಹೆಚ್ಚು ಜನರನ್ನ ಹಾಕ್ಸ್ಕೊಳ್ಳಲಿಲ್ಲ ಅಂತ ಮನೆಗೆ ಕಳ್ಸಿದ್ರು, 2025 ಜನವರಿಲಿ ಅವ್ರನ್ನ ವಾಪಸ್ ಕರ್ಕೊಳ್ಳಿ, ಬಾಕಿ ಸಂಬಳ ಕೊಡಿ ಅಂತ ಹೊಸ ಆದೇಶ ಬಂತು. ಕಡ್ಡಾಯ ಮಾಡಿದ್ದು ರೆಡಿನೆಸ್, ಅಂದ್ರೆ ಸೈನ್ಯ ಸದಾ ಸಿದ್ಧ ಇರ್ಬೇಕು ಅಂತ, ತೆಗೆದಾಗ್ಲೂ ರೆಡಿನೆಸ್ ಅಂತಾನೇ. ಎರಡಕ್ಕೂ ಅರ್ಥ ಇದೆ ಅನ್ನಿ, 2020 ಮಾರ್ಚಲ್ಲಿ ಥಿಯೋಡರ್ ರೂಸ್ವೆಲ್ಟ್ ಹಡಗಲ್ಲಿ ಸುಮಾರು 4800 ಜನರಲ್ಲಿ ಸಾವಿರದ ಇನ್ನೂರರ ಮೇಲೆ ಪಾಸಿಟಿವ್, ಸತ್ತವ್ರು ಒಬ್ರೇ, ಆದ್ರೆ ಅಷ್ಟು ದೊಡ್ಡ ಯುದ್ಧ ಹಡಗು ವಾರಗಟ್ಟಲೆ ಗುವಾಮ್ ದ್ವೀಪದಲ್ಲಿ ಕಟ್ಟಿ ಹಾಕಿದಂಗೆ ನಿಂತಿತ್ತು. ಇನ್ನೊಂದು ಕಡೆ ಈ ವ್ಯಾಕ್ಸಿನ್ನಿಂದ ಹಾರ್ಟಿಗೆ ತೊಂದರೆ ಆಗುತ್ತಾ ಅನ್ನೋ ಪ್ರಶ್ನೆ, ಗಂಡು ಮಕ್ಕಳ ತಾಯಂದ್ರಿಗೆ ಅದೇ ಭಯ. ಅದನ್ನ ಮೊದಮೊದಲು ಗುರುತಿಸಿದವ್ರಲ್ಲಿ ಮಿಲಿಟರಿ ಡಾಕ್ಟರ್‌ಗಳೇ ಇದ್ರು, 28 ಲಕ್ಷ ಡೋಸಿಗೆ 23 ಗಂಡಸರಲ್ಲಿ ಮಯೋಕಾರ್ಡೈಟಿಸ್ (ಹೃದಯದ ಸ್ನಾಯು ಊದ್ಕೊಳ್ಳೋದು), ಹೆಚ್ಚಿನವ್ರಿಗೆ ಎರಡನೇ ಡೋಸ್ ಆದ ನಾಲ್ಕು ದಿನದೊಳಗೆ ಎದೆನೋವು. ಅಪರೂಪ, ಆದ್ರೆ ಸುಳ್ಳಲ್ಲ. ಇಷ್ಟು ಬೇಗ ಸಿಕ್ಕಿದ್ದು ಯಾಕಂದ್ರೆ ಮಿಲಿಟರಿಲಿ ಯಾರಿಗೆ ಯಾವತ್ತು ಏನು ಹಾಕಿದ್ರು ಅನ್ನೋ ಲೆಕ್ಕ ಒಂದೇ ಕಡೆ ಇರುತ್ತೆ.

ಈಗ ನಿಮ್ಮ ಮಗನ ವಿಷಯಕ್ಕೆ. ಹೆದರ್ಕೊಂಡಿರೋ ಲಿಸ್ಟಲ್ಲಿ ಮುಕ್ಕಾಲು ಭಾಗ ಅವನಿಗೆ ಸ್ಕೂಲಿಗೋಸ್ಕರ ಆಗ್ಲೇ ಆಗಿರುತ್ತೆ, ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ), ಟಿಡ್ಯಾಪ್ (ಧನುರ್ವಾಯು, ಡಿಫ್ತೀರಿಯಾ, ನಾಯಿಕೆಮ್ಮು), ಪೋಲಿಯೋ, ಚಿಕನ್ ಪಾಕ್ಸ್, ಹೆಪಟೈಟಿಸ್, ಮೆನಿಂಜೈಟಿಸ್. ಆ ರೆಕಾರ್ಡ್ ತಗೊಂಡು ಹೋದ್ರೆ, ಕೆಲವಕ್ಕೆ ರಕ್ತ ಟೆಸ್ಟ್ ಮಾಡಿ ಇಮ್ಯೂನಿಟಿ ಇದೆ ಅಂತ ಕಂಡ್ರೆ, ಮತ್ತೆ ಚುಚ್ಚಲ್ಲ. ಪೇಪರ್ ಇಲ್ದೆ ಹೋದವ್ರಿಗೇ ಎರಡೂ ತೋಳು. ಅವನು ದಾವಣಗೆರೆಲಿ ಹುಟ್ಟಿದ್ದು ಅಂದ್ರಲ್ಲ, ಹಾಗಾದ್ರೆ ಇನ್ನೊಂದೆರಡು ನೋಡ್ಕೊಳ್ಳಿ. ಊರಲ್ಲಿ ಒಂಬತ್ತು ತಿಂಗಳಿಗೆ ಹಾಕಿದ ದಡಾರ ಲಸಿಕೆನ ಇಲ್ಲಿ ಲೆಕ್ಕಕ್ಕೆ ತಗೊಳ್ಳಲ್ಲ, ಒಂದು ವರ್ಷ ತುಂಬಿದ ಮೇಲಿಂದು ಮಾತ್ರ. ತೋಳಲ್ಲಿ ಟಿಬಿ ಲಸಿಕೆ ಬಿಸಿಜಿದು ಕಲೆ ಇರುತ್ತೆ, ಅದ್ರಿಂದ ಟಿಬಿ ಸ್ಕಿನ್ ಟೆಸ್ಟ್ ಸುಮ್ನೆ ಪಾಸಿಟಿವ್ ಬರೋ ಚಾನ್ಸ್ ಇದೆ, ಅದಕ್ಕೇ ರಕ್ತದ ಟೆಸ್ಟ್ ಮಾಡಿ ಅಂತ ಕೇಳ್ಬೇಕು, ಅದಕ್ಕೆ ಬಿಸಿಜಿ ಅಡ್ಡ ಬರಲ್ಲ. ಅತ್ತೆ ಮನೆಲಿ ತಾಯಿ ಕಾರ್ಡು ಇನ್ನೂ ಇದ್ರೆ ಇವತ್ತೇ ಫೋಟೋ ತರ್ಸ್ಕೊಳ್ಳಿ.

ಕೊರಿಯಾ ಜಪಾನ್ ಕಡೆ ಪೋಸ್ಟಿಂಗ್ ಆದ್ರೆ ಜಪಾನೀಸ್ ಎನ್ಸೆಫಲೈಟಿಸ್ ಹಾಕ್ತಾರೆ, ಹೆಸರು ಕೇಳಿ ಗಾಬರಿ ಬೇಡ, ನಮ್ಮ ಕೋಲಾರ ಮಂಡ್ಯ ಬಳ್ಳಾರಿ ಕಡೆ ಮೆದುಳು ಜ್ವರ ಅಂತ ಮಕ್ಕಳಿಗೆ ಲಸಿಕೆ ಹಾಕ್ತಾರಲ್ಲ, ಅದೇ ಕಾಯಿಲೆ. ಇನ್ನು ಹುಡುಗ್ರು ತುಂಬ ಹೆದರೋ ಪೀನಟ್ ಬಟರ್ ಶಾಟ್ ಇದೆಯಲ್ಲ, ಅದು ವ್ಯಾಕ್ಸಿನ್ನೇ ಅಲ್ಲ, ಗಟ್ಟಿ ಪೆನಿಸಿಲಿನ್, ಕುಂಡೆಗೆ ಕೊಡ್ತಾರೆ, ಗಂಟಲಿನ ಸ್ಟ್ರೆಪ್ ಇನ್ಫೆಕ್ಷನ್ ಹರಡದಂಗೆ. ಕೂತ್ಕೊಳ್ಳಕ್ಕೆ ಕಷ್ಟ ಅಂತ ನನ್ನ ಮಗಳು ಈಗ್ಲೂ ಬಯ್ಯೋದು ಅದೊಂದನ್ನೇ. ಪೆನಿಸಿಲಿನ್ ಅಲರ್ಜಿ ಇದ್ರೆ ಮುಚ್ಚಿಡದೆ ಮೊದಲೇ ಹೇಳ್ಬೇಕು, ಸೆಲೆಕ್ಟ್ ಆಗಲ್ಲ ಅಂತ ಕೆಲವು ಹುಡುಗ್ರು ಬಾಯಿ ಮುಚ್ಕೊಂಡಿರ್ತಾರೆ, ಅದು ವ್ಯಾಕ್ಸಿನ್‌ಗಿಂತ ದೊಡ್ಡ ಅಪಾಯ.

ನಾನು ಮುಖ್ಯವಾಗಿ ಹೇಳ್ಬೇಕು ಅಂದ್ಕೊಂಡಿದ್ದು ಇದು. ಹೊರಗೆ ನೀವು ಡಾಕ್ಟರ್ ಹತ್ರ ಬೇಡ ಅಂದ್ರೆ ಅದು ನಿಮ್ಮ ಇಷ್ಟ, ಒಳಗೆ ಹೋದ್ಮೇಲೆ ಬೇಡ ಅಂದ್ರೆ ಆದೇಶ ಮೀರಿದ ಹಾಗೆ. ಅದಕ್ಕೇ ಪ್ರಶ್ನೆ ಎಲ್ಲ ಈಗ್ಲೇ ಕೇಳ್ಬೇಕು. ಅವನಿಗೆ 17 ಆಗಿರೋದ್ರಿಂದ ನಿಮ್ದು, ಭಾವನೋರ್ದು ಸಹಿ ಇಲ್ದೆ ಏನೂ ನಡಿಯಲ್ಲ, ಈಗ ಹೆಸರು ಕೊಟ್ಟು ಆಮೇಲೆ ಹೊರಡೋ ಡಿಲೇಡ್ ಎಂಟ್ರಿಲಿ ಹೆಸರು ಬರೆಸಿದ್ರೂ ಟ್ರೇನಿಂಗಿಗೆ ಹೊರಡೋ ದಿನ ಎರಡನೇ ಸಲ ಪ್ರಮಾಣ ಮಾಡೋ ತನಕ ವಾಪಸ್ ಬರ್ಬಹುದು, ರಿಕ್ರೂಟರ್ ಏನೇ ಹೆದರ್ಸಿದ್ರೂ. ಈ ವರ್ಷ ಯಾವ್ದು ಕಡ್ಡಾಯ, ಅವನು ಆರಿಸೋ ಕೆಲಸಕ್ಕೆ ಎಕ್ಸ್ಟ್ರಾ ಯಾವ್ದು, ಅಂತ ಬರಹದಲ್ಲಿ ಕೇಳಿ, ಯಾಕಂದ್ರೆ ಈ ಪಾಲಿಸಿಗಳು ಸರ್ಕಾರ ಬದಲಾದಂಗೆ ಬದಲಾಗ್ತಿವೆ. ಮತ್ತೆ ಅಕ್ಕಾ, ನೀವಲ್ಲ, ಅವನೇ ಕೇಳ್ಲಿ. ನೀವು ಪಕ್ಕದಲ್ಲಿ ಕೂತಿರಿ.

ಸೇರಿಸ್ತಾ ಇದೀನಿ, ಕೆಳಗೆ ಎರಡು ಪ್ರಶ್ನೆ ಬಂದಿದೆ. ಮನೇಲಿ ಪುಟ್ಟ ಮಗು ಇದೆ, ಅಣ್ಣ ಆ ಅಡಿನೋ ಮಾತ್ರೆ ತಗೊಂಡ್ರೆ ಹರಡುತ್ತಾ ಅಂತ ಕೇಳಿದವ್ರಿಗೆ: ಅದು ಜೀವಂತ ವೈರಸ್ಸೇ, ಮಲದಲ್ಲಿ 28 ದಿನದ ತನಕ ಬರ್ಬಹುದು, ಆದ್ರೆ ಶುರುವಲ್ಲೇ ಕೊಡ್ತಾರೆ, ಟ್ರೇನಿಂಗ್ ಮುಗಿಯೋ ಗ್ರಾಜುಯೇಷನ್ನಿಗೆ ನೀವು ಹೋಗೋ ಹೊತ್ತಿಗೆ ಆ ಅವಧಿ ಮುಗಿದಿರುತ್ತೆ.

ಇನ್ನೊಬ್ರು, ನಾವು ಶುದ್ಧ ವೆಜಿಟೇರಿಯನ್, ವ್ಯಾಕ್ಸಿನ್ನಲ್ಲಿ ಪ್ರಾಣಿಗಳಿಂದ ತೆಗೆಯೋ ಜೆಲಾಟಿನ್ ಇರುತ್ತಂತೆ, ಧರ್ಮದ ಮೇಲೆ ವಿನಾಯಿತಿ ಸಿಗುತ್ತಾ ಅಂತ ಕೇಳಿದೀರ. ಎಂಎಂಆರ್‌ಲಿ, ಚಿಕನ್ ಪಾಕ್ಸ್‌ದ್ರಲ್ಲಿ ಇರುತ್ತೆ ನಿಜ, ಆದ್ರೆ ಅವೆರಡೂ ನಿಮ್ಮ ಹುಡುಗನಿಗೆ ಕಿಂಡರ್‌ಗಾರ್ಟನ್ನಿಗೆ ಸೇರೋ ಮುಂಚೆನೇ ಹಾಕಿಸಿರ್ತೀರ ಬಿಡಿ. ಅರ್ಜಿ ಹಾಕೋ ದಾರಿ ಇದೆ, ಸಿಗೋದು ಕಮ್ಮಿ, ಕೋವಿಡ್ ಟೈಮಲ್ಲಿ ಸಾವಿರಗಟ್ಟಲೆ ಜನ ಹಾಕಿದ್ರಲ್ಲಿ ತೀರಾ ಕಮ್ಮಿ ಜನರದ್ದೇ ಒಪ್ಪಿದ್ದು. ನಿಮಗೆ ನಿಜವಾದ ತಲೆನೋವು ಊಟದ್ದು, ಫೀಲ್ಡಲ್ಲಿ ಕೊಡೋ ಪ್ಯಾಕೆಟ್ 24 ಮೆನುಲಿ ವೆಜ್ ನಾಲ್ಕೇ. ಅದಕ್ಕೆ ಬೇರೆ ಪೋಸ್ಟ್ ಹಾಕಿ, ನನ್ನ ಮಗಳ ಕೈಲೇ ಉತ್ತರ ಬರೆಸ್ತೀನಿ.